ಭಾರ ಎಷ್ಟು ಎಂದು ಕೇಳಿದ ಮೇಲೆ ಭಾರ ಎಲ್ಲಿ ಎಂದೂ ಕೇಳೋಣ

ಧಾರವಾಡದ ಕಡೆಯ ಮಗುವಿನ ಕೈಗೆ ಪುಸ್ತಕ ತುಂಬಿದ ಪಾಟೀಚೀಲ ಕೊಟ್ಟು ಹೇಗಿದೆ ಎಂದು ಕೇಳಿದರೆ ಅದು ‘ಭಾಳ ವಜ್ಜಾ ಐತ್ರೀ’ ಎನ್ನುತ್ತದೆ. ಈ ‘ವಜ್ಜಾ’ ಎಂಬ ಒಂದೇ ಶಬ್ದದಲ್ಲಿ ಮೂರು ಸಂಗತಿಗಳು ಕೂಡಿಕೊಂಡಿವೆ. ಚೀಲದ ತೂಕ ಒಂದು. ಅದನ್ನು ಎತ್ತಲು ಬೇಕಾಗುವ ಶ್ರಮ ಇನ್ನೊಂದು. ಅದು ಮೈಯನ್ನು ಒಂದು ಬದಿಗೆ ಜಗ್ಗುವ ರೀತಿ ಮತ್ತೊಂದು. ನಮ್ಮ ವಿಜ್ಞಾನದ ಪಾಠಗಳು ಇವುಗಳಲ್ಲಿ ಮೊದಲನೆಯದನ್ನು ಹಿಡಿದುಕೊಂಡು ಉಳಿದೆರಡನ್ನು ಮಗುವಿನ ಬಳಿಯೇ ಬಿಟ್ಟುಬಿಡುತ್ತವೆ. ರಾಶಿ ಎಂದರೇನು, ತೂಕ ಎಂದರೇನು, ಚಂದ್ರನ ಮೇಲೆ ತೂಕ ಎಷ್ಟು ಎಂಬುದು ಹಲಗೆಯ ಮೇಲೆ ಬರುತ್ತದೆ. ಒಂದೇ ತೂಕ ಒಂದು ಸಲ ಹಗುರವಾಗಿ, ಇನ್ನೊಂದು ಸಲ ಎತ್ತಲಾರದಂತೆ ಏಕೆ ಅನಿಸುತ್ತದೆ ಎಂಬುದು ಬರುವುದಿಲ್ಲ.

ಈ ಬರಹದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ. ತೂಕದ ಪಾಠವನ್ನು ‘ಭಾರ ಎಷ್ಟು?’ ಎಂಬ ಪ್ರಶ್ನೆಗೆ ನಿಲ್ಲಿಸದೆ ‘ಭಾರ ಎಲ್ಲಿದೆ?’ ಎಂಬ ಪ್ರಶ್ನೆಯವರೆಗೆ ಒಯ್ಯಬೇಕು. ಅದಕ್ಕೆ ಒಳ್ಳೆಯ ಬೋಧನೋಪಕರಣ ವ್ಯಾಯಾಮಶಾಲೆಯ ಬಾರ್‌ಬೆಲ್. ಅದು ಸಿಗದ ಶಾಲೆಯಲ್ಲಿ ಒಂದು ಉದ್ದನೆಯ ಕೋಲು, ಎರಡು ನೀರಿನ ಬಾಟಲಿ ಸಾಕು.

ಬಾರ್‌ಬೆಲ್ ಏಕೆ?

ತಕ್ಕಡಿಯನ್ನು ಬಿಟ್ಟು ಬಾರ್‌ಬೆಲ್ ಏಕೆ ಎಂದು ಕೇಳಬಹುದು. ತಕ್ಕಡಿಯನ್ನು ಮಗು ನೋಡುತ್ತದೆ, ಬಾರ್‌ಬೆಲ್ಲನ್ನು ಹಿಡಿಯುತ್ತದೆ. ತಕ್ಕಡಿಯಲ್ಲಿ ಆಧಾರ ಒಂದೇ, ಅದೂ ನಟ್ಟನಡುವೆ ಇದೆ. ಬಾರ್‌ಬೆಲ್ಲಿಗೆ ಎರಡು ಕೈಗಳೇ ಎರಡು ಆಧಾರ. ಅವುಗಳ ನಡುವಿನ ಅಂತರವನ್ನು ಮಗುವೇ ಬದಲಿಸಬಹುದು.

ಹುಡುಗರಿಗೆ ಇದು ಅಪರಿಚಿತ ವಸ್ತುವೂ ಅಲ್ಲ. ಗರಡಿಮನೆಯ ನಾಡು ಇದು. ಜಾತ್ರೆಯಲ್ಲಿ ಗುಂಡುಕಲ್ಲು ಎತ್ತುವುದನ್ನು, ಜೋಳದ ಚೀಲ ಹೊರುವುದನ್ನು ನೋಡಿ ಬೆಳೆದ ಮಕ್ಕಳು ನಮ್ಮ ತರಗತಿಗಳಲ್ಲಿದ್ದಾರೆ. ಕುಂದಾಪುರ ಸೀಮೆಯ ಗುರುರಾಜ ಪೂಜಾರಿ 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದ 56 ಕೆ.ಜಿ. ವಿಭಾಗದಲ್ಲಿ ಬೆಳ್ಳಿ ಪದಕ ಗೆದ್ದರು. ಸ್ನ್ಯಾಚ್‌ನಲ್ಲಿ 111 ಕೆ.ಜಿ., ಕ್ಲೀನ್ ಅಂಡ್ ಜರ್ಕ್‌ನಲ್ಲಿ 138 ಕೆ.ಜಿ., ಒಟ್ಟು 249 ಕೆ.ಜಿ. ತಮ್ಮ ಮೈತೂಕದ ಎರಡು ಪಟ್ಟಿಗಿಂತ ಹೆಚ್ಚಿನ ಭಾರವನ್ನು ಒಬ್ಬ ಮನುಷ್ಯ ತಲೆಯ ಮೇಲೆ ಎತ್ತಿ ನಿಂತ ಎಂಬುದು ಎಂಟನೆಯ ತರಗತಿಯ ಹಿಂದಿನ ಬೆಂಚಿನವರನ್ನೂ ತಲೆ ಎತ್ತುವಂತೆ ಮಾಡುತ್ತದೆ.

ಸ್ಪರ್ಧೆಯ ಬಾರ್‌ಬೆಲ್ಲಿನ ಅಳತೆಗಳು ಪಾಠಕ್ಕೆ ಹೇಳಿ ಮಾಡಿಸಿದಂತಿವೆ. ಪುರುಷರ ಸರಳು 20 ಕೆ.ಜಿ., ಉದ್ದ 2.2 ಮೀಟರ್. ಮಹಿಳೆಯರದು 15 ಕೆ.ಜಿ., 2.01 ಮೀಟರ್. ಕೆಂಪು ಪ್ಲೇಟು 25 ಕೆ.ಜಿ., ನೀಲಿ 20, ಹಳದಿ 15, ಹಸಿರು 10. ಎರಡೂ ಬದಿಗೆ ಒಂದೇ ಬಗೆಯ ಪ್ಲೇಟುಗಳನ್ನು ಹಾಕಬೇಕು. ದೊಡ್ಡ ಪ್ಲೇಟು ಒಳಗೆ, ಸಣ್ಣವು ಹೊರಗೆ. ಕೊನೆಗೆ ಅಲುಗಾಡದಂತೆ ಕಾಲರ್ ಬಿಗಿಯಬೇಕು. ಇವೆಲ್ಲ ನಿಯಮಗಳೆಂದು ಹೇಳಿ ಮುಗಿಸಬಾರದು. ಏಕೆ ಹೀಗೆ ಎಂದು ಕೇಳಿದರೆ ಅಲ್ಲಿಂದಲೇ ಪಾಠ ಶುರುವಾಗುತ್ತದೆ.

ಕೋಲು ಮತ್ತು ಎರಡು ಬಾಟಲಿ

ಸುಮಾರು 120 ಸೆಂಟಿಮೀಟರ್ ಉದ್ದದ ಗಟ್ಟಿ ಕೋಲನ್ನು ತೆಗೆದುಕೊಳ್ಳಿ. ನಡುವಿನಿಂದ ಎರಡೂ ಕಡೆಗೆ ಹತ್ತತ್ತು ಸೆಂಟಿಮೀಟರಿಗೆ ಗುರುತು ಹಾಕಿ. ನೀರು ತುಂಬಿದ ಎರಡು ಲೀಟರ್ ಬಾಟಲಿಗಳಿರಲಿ. ಒಂದು ಲೀಟರ್ ನೀರು ಒಂದು ಕೆ.ಜಿ. ತೂಗುತ್ತದೆಂಬುದು ಮಕ್ಕಳಿಗೆ ಗೊತ್ತಿರುತ್ತದೆ. ಲೆಕ್ಕ ಸುಲಭವಾಗಲೆಂದು ಬಲವನ್ನೂ ಇಲ್ಲಿ ಕೆ.ಜಿ. ತೂಕದಲ್ಲೇ ಹೇಳುತ್ತೇನೆ, ಕೋಲಿನ ತೂಕವನ್ನು ಬಿಟ್ಟಿದ್ದೇನೆ. ನ್ಯೂಟನ್ನಿಗೆ ತರಬೇಕೆಂದರೆ ಸುಮಾರು 9.8ರಿಂದ ಗುಣಿಸಬೇಕು.

ಮೊದಲ ಪ್ರಯೋಗ. ನಡುವಿನಿಂದ 20 ಸೆಂ.ಮೀ. ದೂರದಲ್ಲಿ ಎರಡೂ ಕೈ ಇರಲಿ. ಬಾಟಲಿಗಳನ್ನು ಎರಡೂ ಬದಿಗೆ 30 ಸೆಂ.ಮೀ. ಗುರುತಿಗೆ ಕಟ್ಟಿ ಎತ್ತಿಸಿ. ಆಮೇಲೆ ಎರಡನ್ನೂ 50 ಸೆಂ.ಮೀ. ಗುರುತಿಗೆ ಸರಿಸುತ್ತೇವೆ ಎಂದು ಹೇಳಿ, ಎತ್ತುವುದಕ್ಕೆ ಮೊದಲೇ ಕೇಳಿ: ಈಗ ಕೈಗೆ ಹೆಚ್ಚು ಭಾರ ಬೀಳುತ್ತದೆಯೇ? ಬಹಳ ಮಂದಿ ಹೌದು ಎನ್ನುತ್ತಾರೆ. ಉತ್ತರ ಇಲ್ಲ. ಎರಡೂ ಸಲ ಒಂದೊಂದು ಕೈಗೆ ಒಂದೊಂದು ಕೆ.ಜಿ.ಯೇ. ನಂಬದವರಿಗೆ ಕೈಗಳ ಜಾಗದಲ್ಲಿ ಎರಡು ಸ್ಪ್ರಿಂಗ್ ತಕ್ಕಡಿ ಕಟ್ಟಿ ಕೋಲನ್ನು ತೂಗುಹಾಕಿ ತೋರಿಸಿ. ಬಾಟಲಿ ಸರಿದರೂ ಮುಳ್ಳು ಸರಿಯುವುದಿಲ್ಲ. ಬದಲಾಗುವುದು ಕೋಲು ಬಾಗುವ ಪ್ರಮಾಣ. ಭಾರ ಹೊರಗೆ ಹೋದಂತೆ ಅದು ಹೆಚ್ಚು ಬಾಗುತ್ತದೆ.

ಎರಡನೆಯ ಪ್ರಯೋಗ. ಬಾಟಲಿಗಳು 50 ಸೆಂ.ಮೀ.ಗೇ ಇರಲಿ, ಎಡಗಡೆಯದನ್ನು ಬಿಚ್ಚಿಬಿಡಿ. ಒಟ್ಟು ಭಾರ ಅರ್ಧವಾಯಿತು. ಎತ್ತುವುದು ಸುಲಭವಾಯಿತೇ? ಎಡಗೈಯನ್ನು ಆಧಾರ ಎಂದು ಇಟ್ಟುಕೊಂಡು ಲೆಕ್ಕ ಮಾಡಿಸಿ. ಅಲ್ಲಿಂದ ಬಾಟಲಿಗೆ 70 ಸೆಂ.ಮೀ., ಬಲಗೈಗೆ 40 ಸೆಂ.ಮೀ. ಒಂದು ಕೆ.ಜಿ.ಯನ್ನು 70ರಿಂದ ಗುಣಿಸಿ 40ರಿಂದ ಭಾಗಿಸಿದರೆ 1.75 ಕೆ.ಜಿ. ಅಂದರೆ ಎರಡು ಬಾಟಲಿ ಇದ್ದಾಗ 1 ಕೆ.ಜಿ. ಹೊತ್ತಿದ್ದ ಬಲಗೈ ಈಗ ಒಂದೇ ಬಾಟಲಿಗೆ 1.75 ಕೆ.ಜಿ. ಹೊರುತ್ತಿದೆ. ಎಡಗೈಯ ಕೆಲಸವಂತೂ ತಿರುವುಮುರುವಾಗಿದೆ. ಅದು ಎತ್ತುವುದನ್ನು ಬಿಟ್ಟು 0.75 ಕೆ.ಜಿ.ಯಷ್ಟು ಕೆಳಕ್ಕೆ ಒತ್ತಬೇಕು, ಇಲ್ಲದಿದ್ದರೆ ಕೋಲು ವಾಲುತ್ತದೆ. ಭಾರ ಕಡಿಮೆ ಮಾಡಿದರೆ ಶ್ರಮ ಹೆಚ್ಚಾಯಿತು ಎಂಬುದನ್ನು ಮಗು ತನ್ನ ಮೊಣಕೈಯಲ್ಲಿ ಅನುಭವಿಸಿದ ಮೇಲೆ ‘ತಿರುಗುಬಲ’ ಎಂಬ ಶಬ್ದಕ್ಕೆ ಒಂದು ಅರ್ಥ ಬರುತ್ತದೆ. ಬಳಿಕ ಕೈಗಳನ್ನು ಅಗಲಿಸಿ, ನಡುವಿನಿಂದ 40 ಸೆಂ.ಮೀ.ಗೆ ಹಿಡಿಯಲು ಹೇಳಿ. ಬಲಗೈಯ ಪಾಲು 90 ಭಾಗ 80, ಅಂದರೆ 1.125 ಕೆ.ಜಿ.ಗೆ ಇಳಿಯುತ್ತದೆ. ಎಡಗೈ ಒತ್ತಬೇಕಾದದ್ದು 0.125 ಕೆ.ಜಿ. ಮಾತ್ರ. ಬಾಟಲಿ ಇದ್ದಲ್ಲೇ ಇದೆ, ಕೈ ಸರಿದಿದೆ.

ಮೂರನೆಯ ಪ್ರಯೋಗ. ಎರಡೂ ಬಾಟಲಿಗಳನ್ನು ನಡುವಿನಿಂದ 20 ಸೆಂ.ಮೀ. ದೂರಕ್ಕೆ ಬಿಗಿಯಾಗಿ ಕಟ್ಟಿ. ಕೋಲಿನ ನಡುವೆ ಒಂದೇ ಕೈಯಿಂದ ಹಿಡಿದು ಎಡಕ್ಕೆ ಬಲಕ್ಕೆ ಬೇಗಬೇಗ ಹೊರಳಿಸಲು ಹೇಳಿ. ಅನಂತರ ಬಾಟಲಿಗಳನ್ನು 50 ಸೆಂ.ಮೀ.ಗೆ ಕಟ್ಟಿ ಅದನ್ನೇ ಮಾಡಿಸಿ. ಎತ್ತಿ ಹಿಡಿಯುವಾಗ ಒಂದೇ ಅನಿಸಿದ್ದು ಹೊರಳಿಸುವಾಗ ಬೇರೆಯಾಗುತ್ತದೆ. ತಿರುಗುವುದಕ್ಕೆ ವಸ್ತು ಒಡ್ಡುವ ಜಡತ್ವ ದೂರದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. 20ರ ವರ್ಗ 400, 50ರ ವರ್ಗ 2500. ಬಾಟಲಿಗಳ ಮಟ್ಟಿಗೆ ಇದು ಆರು ಪಟ್ಟಿಗೂ ಹೆಚ್ಚು. ಗರಡಿಯ ಗದೆಯ ಗುಟ್ಟೂ ಇದೇ. ಗುಂಡಿನ ಹತ್ತಿರ ಹಿಡಿದರೆ ಹುಡುಗನೂ ತಿರುಗಿಸುತ್ತಾನೆ, ಹಿಡಿಕೆಯ ತುದಿಯಲ್ಲಿ ಹಿಡಿದರೆ ಪೈಲ್ವಾನನಿಗೂ ಬೆವರು ಬರುತ್ತದೆ.

ಈ ಮೂರೂ ಸೇರಿದಾಗ ಬಾರ್‌ಬೆಲ್ಲಿನ ಕಥೆ ಪೂರ್ತಿಯಾಗುತ್ತದೆ. ಪ್ಲೇಟುಗಳು ಎರಡೂ ಬದಿಗೆ ಸಮವಾಗಿ ಹೊರಗೆ ಹೋದರೆ ಎತ್ತಬೇಕಾದ ಬಲ ಬದಲಾಗದು. ಸರಳು ಹೆಚ್ಚು ಬಾಗುತ್ತದೆ, ಓಲಾಡಲು ಹೊತ್ತು ತೆಗೆದುಕೊಳ್ಳುತ್ತದೆ, ಒಮ್ಮೆ ಓಲಿತೆಂದರೆ ತಡೆದು ನಿಲ್ಲಿಸುವುದು ಕಷ್ಟ. ಒಂದೇ ಬದಿಗೆ ಹೆಚ್ಚಾದರೆ ಲೆಕ್ಕವೇ ಬೇರೆ. ಕೈಗಳ ನಡುವೆ 60 ಸೆಂ.ಮೀ. ಅಂತರವಿದೆ, ಪ್ಲೇಟು ನಡುವಿನಿಂದ 75 ಸೆಂ.ಮೀ. ದೂರದಲ್ಲಿದೆ ಎಂದಿಟ್ಟುಕೊಳ್ಳಿ. ಎಡಕ್ಕೆ 15, ಬಲಕ್ಕೆ 20 ಕೆ.ಜಿ. ಪ್ಲೇಟು ಹಾಕಿದರೆ ಬಲಗೈಗೆ 33.75, ಎಡಗೈಗೆ 21.25 ಕೆ.ಜಿ. ಬೀಳುತ್ತದೆ. ಪ್ಲೇಟುಗಳ ವ್ಯತ್ಯಾಸ 5 ಕೆ.ಜಿ., ಕೈಗಳ ವ್ಯತ್ಯಾಸ 12.5 ಕೆ.ಜಿ. ಎರಡೂ ಬದಿ ಸಮವಿರಬೇಕೆಂಬ ನಿಯಮದ ಹಿಂದೆ ಈ ಲೆಕ್ಕವಿದೆ. ದೈಹಿಕ ಶಿಕ್ಷಣದ ಶಿಕ್ಷಕರು ಬಾಯಿಂದ ಹೇಳುವ ಎಚ್ಚರಿಕೆಯನ್ನು ವಿಜ್ಞಾನದ ಶಿಕ್ಷಕರು ಅಂಕೆಯಲ್ಲಿ ತೋರಿಸಿಕೊಡಬಹುದು.

‘ದೂರ ಹೋದಷ್ಟೂ ಭಾರ’ ಎಂಬ ಅರ್ಧಸತ್ಯ

ಇಲ್ಲಿ ಪ್ರಶಿಕ್ಷಣಾರ್ಥಿಗಳಿಗೆ ಒಂದು ಎಚ್ಚರಿಕೆ. ‘ಬಲ ಗುಣಿಸು ದೂರ’ ಎಂಬ ಸೂತ್ರವನ್ನು ಮೊದಲೇ ಹಲಗೆಯ ಮೇಲೆ ಬರೆದು ಪಾಠ ಆರಂಭಿಸಿದರೆ ಮಕ್ಕಳು ಅದರಿಂದ ‘ದೂರ ಹೋದಷ್ಟೂ ಭಾರ ಹೆಚ್ಚು’ ಎಂಬ ತೀರ್ಮಾನಕ್ಕೆ ಬರುತ್ತಾರೆ. ಎರಡನೆಯ ಪ್ರಯೋಗದಲ್ಲಿ ಅದು ಸರಿ ಎನಿಸುತ್ತದೆ, ಮೊದಲನೆಯದರಲ್ಲಿ ತಪ್ಪು. ಮೊದಲನೆಯದರಲ್ಲಿ ಎರಡು ಬದಿಯ ತಿರುಗುಬಲಗಳು ಒಂದನ್ನೊಂದು ಸರಿದೂಗಿಸುತ್ತವೆ. ಸೂತ್ರ ಸರಿಯಾಗಿದ್ದೂ ತಿಳಿವಳಿಕೆ ತಪ್ಪಾಗಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಆದ್ದರಿಂದ ಸಮ ಜೋಡಣೆಯ ಪ್ರಯೋಗವನ್ನು ಮೊದಲು, ಅಸಮ ಜೋಡಣೆಯನ್ನು ಅನಂತರ ಮಾಡಿಸಬೇಕು. ಸೂತ್ರ ಕೊನೆಗೆ ಬರಲಿ.

ಮಕ್ಕಳು ಈ ವಿಷಯದಲ್ಲಿ ಹೇಗೆ ಯೋಚಿಸುತ್ತಾರೆ ಎಂಬುದು ಶಿಕ್ಷಣ ಮನೋವಿಜ್ಞಾನಕ್ಕೆ ಹೊಸದಲ್ಲ. ಪಿಯಾಜೆ ಮತ್ತು ಇನ್‌ಹೆಲ್ಡರ್ ತಕ್ಕಡಿಯ ದಂಡವನ್ನೇ ಇಟ್ಟುಕೊಂಡು ಮಕ್ಕಳ ತರ್ಕವನ್ನು ಪರಿಶೀಲಿಸಿದರು. ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ಸೀಗ್ಲರ್ 1976ರಲ್ಲಿ ಆ ಕೆಲಸವನ್ನು ಮುಂದುವರಿಸಿ ನಾಲ್ಕು ನಿಯಮಗಳನ್ನು ಗುರುತಿಸಿದರು. ಮೊದಲ ಹಂತದ ಮಗು ಭಾರವನ್ನಷ್ಟೇ ನೋಡುತ್ತದೆ. ಎರಡನೆಯ ಹಂತದಲ್ಲಿ ಭಾರ ಸಮವಿದ್ದಾಗ ಮಾತ್ರ ದೂರವನ್ನು ಗಮನಿಸುತ್ತದೆ. ಮೂರನೆಯ ಹಂತದಲ್ಲಿ ಎರಡನ್ನೂ ಗಮನಿಸುತ್ತದೆ, ಆದರೆ ಒಂದು ಬದಿಗೆ ಭಾರ ಹೆಚ್ಚು, ಇನ್ನೊಂದು ಬದಿಗೆ ದೂರ ಹೆಚ್ಚು ಎಂದಾಗ ತಬ್ಬಿಬ್ಬಾಗುತ್ತದೆ. ನಾಲ್ಕನೆಯ ಹಂತದಲ್ಲಿ ಗುಣಿಸಿ ಹೋಲಿಸುತ್ತದೆ.

ನಮ್ಮ ತರಗತಿಯಲ್ಲಿ ಈ ನಾಲ್ಕೂ ಬಗೆಯ ಮಕ್ಕಳು ಅಕ್ಕಪಕ್ಕದಲ್ಲೇ ಕೂತಿರುತ್ತಾರೆ. ಮೊದಲ ಹಂತದಲ್ಲಿರುವ ಮಗುವಿಗೆ ನಾಲ್ಕನೆಯ ಹಂತದ ಸೂತ್ರ ಕೊಟ್ಟರೆ ಅದು ಬಾಯಿಪಾಠ ಮಾಡಿ ಅಂಕ ತೆಗೆದುಕೊಳ್ಳುತ್ತದೆ, ಯೋಚನೆ ಇದ್ದಲ್ಲೇ ಇರುತ್ತದೆ. ಯಾರು ಎಲ್ಲಿದ್ದಾರೆ ಎಂದು ತಿಳಿಯುವ ದಾರಿ ಒಂದೇ: ಪ್ರಯೋಗಕ್ಕೆ ಮೊದಲು ಪ್ರತಿಯೊಬ್ಬರೂ ತಮ್ಮ ಊಹೆಯನ್ನು, ಅದರ ಕಾರಣವನ್ನು ಬರೆಯಬೇಕು. ಆಮೇಲೆ ನೋಡಬೇಕು, ಆಮೇಲೆ ವಿವರಿಸಬೇಕು. ರಿಚರ್ಡ್ ವೈಟ್ ಮತ್ತು ರಿಚರ್ಡ್ ಗನ್‌ಸ್ಟೋನ್ 1992ರ ತಮ್ಮ ಪುಸ್ತಕದಲ್ಲಿ ವಿವರಿಸಿದ ಈ ‘ಊಹಿಸು, ಗಮನಿಸು, ವಿವರಿಸು’ ಕ್ರಮ ನಮ್ಮ ಪಾಠಯೋಜನೆಯ ಪರಿಶೋಧನೆಯ ಹಂತಕ್ಕೆ ಸರಿಯಾಗಿ ಕೂಡುತ್ತದೆ.

ಓಣಿಯಲ್ಲೇ ಇರುವ ಉದಾಹರಣೆಗಳು

ವಿಸ್ತರಣೆಯ ಹಂತಕ್ಕೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಮಾಳಮಡ್ಡಿಯ ಶಾಲೆಗಳಿಗೆ ಅಭ್ಯಾಸ ಪಾಠಕ್ಕೆ ಹೋಗುವವರಿಗೆ ರೈಲು ನಿಲ್ದಾಣ ಪಕ್ಕದಲ್ಲೇ ಇದೆ. ಒಂದು ಕೈಯಲ್ಲಿ ದೊಡ್ಡ ಸೂಟ್‌ಕೇಸ್ ಹಿಡಿದವರು ಮೈಯನ್ನು ಇನ್ನೊಂದು ಬದಿಗೆ ವಾಲಿಸಿಕೊಂಡು ನಡೆಯುತ್ತಾರೆ. ಅಷ್ಟೇ ಭಾರವನ್ನು ಎರಡು ಕೈಗೆ ಹಂಚಿಕೊಂಡವರು ನೆಟ್ಟಗೆ ನಡೆಯುತ್ತಾರೆ. ನೀರಿನ ಕೊಡವನ್ನು ಟೊಂಕದ ಮೇಲೆ ಇಟ್ಟವರಿಗೂ ತಲೆಯ ಮೇಲೆ ಹೊತ್ತವರಿಗೂ ನಡಿಗೆಯಲ್ಲಿರುವ ವ್ಯತ್ಯಾಸವನ್ನು ಮಕ್ಕಳೇ ಅಭಿನಯಿಸಿ ತೋರಿಸಬಲ್ಲರು.

ಬೈಕಿನ ಎರಡೂ ಬದಿಗೆ ಹಾಲಿನ ಕ್ಯಾನು ತೂಗುಹಾಕಿಕೊಂಡು ಬರುವವರು ಧಾರವಾಡದ ಬೆಳಗಿನ ನಿತ್ಯದ ನೋಟ. ಒಂದು ಬದಿಯ ಕ್ಯಾನನ್ನು ಪೂರ್ತಿ ಖಾಲಿ ಮಾಡಿ ಇನ್ನೊಂದನ್ನು ತುಂಬಿದಂತೆಯೇ ಬಿಟ್ಟರೆ ಏನಾಗುತ್ತದೆ ಎಂದು ಕೇಳಿ. ಅದೇ ಪ್ರಶ್ನೆಯನ್ನು ಬಾರ್‌ಬೆಲ್ಲಿಗೆ ತನ್ನಿ. 20 ಕೆ.ಜಿ. ಸರಳು ಒಂದು ಮೀಟರ್ ಅಂತರದ ಎರಡು ಕಂಬಗಳ ಮೇಲೆ ಕೂತಿದೆ. ಪ್ಲೇಟುಗಳು ಕಂಬದಿಂದ 25 ಸೆಂ.ಮೀ. ಹೊರಗಿವೆ. ಒಂದು ಬದಿಯ ಪ್ಲೇಟುಗಳನ್ನೆಲ್ಲ ತೆಗೆದರೆ ಇನ್ನೊಂದು ಬದಿಯಲ್ಲಿ ಎಷ್ಟು ಭಾರ ಉಳಿದಿದ್ದಾಗ ಸರಳು ಮಗುಚುತ್ತದೆ? ಕಂಬದಿಂದ ಒಳಗೆ 50 ಸೆಂ.ಮೀ. ದೂರದಲ್ಲಿ ಸರಳಿನ 20 ಕೆ.ಜಿ., ಹೊರಗೆ 25 ಸೆಂ.ಮೀ. ದೂರದಲ್ಲಿ 40 ಕೆ.ಜಿ. ಎರಡೂ ಸಮ. ನಲವತ್ತಕ್ಕಿಂತ ಸ್ವಲ್ಪ ಹೆಚ್ಚಾದರೂ ಸರಳು ಹಾರಿ ಬೀಳುತ್ತದೆ. ಜಿಮ್‌ಗೆ ಹೊಸದಾಗಿ ಸೇರುವ ಹುಡುಗರಿಗೆ ಈ ಒಂದು ಲೆಕ್ಕ ಗೊತ್ತಿದ್ದರೆ ಎಷ್ಟೋ ಕಾಲ್ಬೆರಳು, ಹಣೆ ಉಳಿದಾವು.

ಹಳ್ಳಿಯಿಂದ ಬರುವ ಮಕ್ಕಳಿಗೆ ಚಕ್ಕಡಿ ಇನ್ನೂ ಹತ್ತಿರದ್ದು. ಹೇರು ಮುಂದಕ್ಕೆ ಹೆಚ್ಚಾದರೆ ನೊಗ ಎತ್ತಿನ ಕುತ್ತಿಗೆಯನ್ನು ಒತ್ತುತ್ತದೆ, ಹಿಂದಕ್ಕೆ ಹೆಚ್ಚಾದರೆ ನೊಗವೇ ಮೇಲೇಳುತ್ತದೆ. ಅಚ್ಚಿನ ಮೇಲೆ ಭಾರ ಹೇಗೆ ಕೂಡಿಸಬೇಕೆಂದು ಹೇರುವವರಿಗೆ ಸೂತ್ರವಿಲ್ಲದೆಯೇ ಗೊತ್ತು. ಹುಬ್ಬಳ್ಳಿಯ ಅಮರಗೋಳದ ಎಪಿಎಂಸಿಯಲ್ಲಿ ಚೀಲ ಹೊರುವ ಹಮಾಲರು ಬೆನ್ನನ್ನು ಮುಂದಕ್ಕೆ ಬಾಗಿಸುತ್ತಾರೆ. ಚೀಲ ಮತ್ತು ಮೈ ಎರಡರ ಗುರುತ್ವ ಕೇಂದ್ರ ಪಾದಗಳ ಮೇಲೆ ಬರಬೇಕಲ್ಲ! ಮಗುವಿನ ಅಪ್ಪನೋ ಕಾಕಾನೋ ದಿನವೂ ಮಾಡುವ ಕೆಲಸದಲ್ಲಿ ಭೌತವಿಜ್ಞಾನ ಇದೆ ಎಂದು ಹಲಗೆಯ ಮೇಲೆ ಬರೆದು ತೋರಿಸಿದಾಗ ಆ ಮಗು ಕೂತುಕೊಳ್ಳುವ ರೀತಿಯೇ ಬದಲಾಗುತ್ತದೆ. ನನ್ನ ಮಟ್ಟಿಗೆ ಈ ಪಾಠದ ದೊಡ್ಡ ಲಾಭ ಅದು.

ಭಾಷೆಯ ಮಾತೂ ಇಲ್ಲೇ ಬರುತ್ತದೆ. ಮಗು ‘ಈ ಕಡೆ ಜಗ್ಗತೈತ್ರೀ’ ಎಂದಾಗ ‘ಹಾಗನ್ನಬಾರದು, ತಿರುಗುಬಲ ಅನ್ನಬೇಕು’ ಎಂದು ತಿದ್ದುವುದರಿಂದ ಪಾಠ ಮುಂದೆ ಸಾಗುವುದಿಲ್ಲ. ‘ಜಗ್ಗುತ್ತದೆ’ ಎಂಬುದು ಸರಿಯಾದ ವೀಕ್ಷಣೆ. ಎಷ್ಟು ಜಗ್ಗುತ್ತದೆ, ಯಾವಾಗ ಹೆಚ್ಚು ಜಗ್ಗುತ್ತದೆ ಎಂದು ಕೇಳುತ್ತ ಹೋಗಿ. ಅಳತೆ ಬೇಕಾದ ಜಾಗದಲ್ಲಿ ಪಾರಿಭಾಷಿಕ ಶಬ್ದ ತಾನಾಗಿ ಬಂದು ಕೂಡುತ್ತದೆ.

ಬರಬಹುದಾದ ಆಕ್ಷೇಪಗಳು

‘ಬಾರ್‌ಬೆಲ್ ಪಠ್ಯದಲ್ಲಿಲ್ಲ’ ಎಂಬ ಮಾತು ಮೊದಲು ಬರುತ್ತದೆ. ಬಾರ್‌ಬೆಲ್ ಇರಲಿಕ್ಕಿಲ್ಲ. ಬಲ ಇದೆ, ತೂಕ ಇದೆ, ಜಡತ್ವ ಇದೆ. ಮುಂದೆ ಪಿಯುಸಿಯಲ್ಲಿ ಭ್ರಮಣ ಚಲನೆಯ ಪಾಠದಲ್ಲಿ ತಡವರಿಸುವ ವಿದ್ಯಾರ್ಥಿಗಳಿಗೆ ಕೈಯಲ್ಲಿ ಈ ಅನುಭವ ಮೊದಲೇ ಇದ್ದರೆ ಸೂತ್ರ ಇಷ್ಟು ಅಪರಿಚಿತ ಎನಿಸುವುದಿಲ್ಲ.

ಎರಡನೆಯದು ಸಮಯ. ಐವತ್ತು ಮಕ್ಕಳ ತರಗತಿಯಲ್ಲಿ ಒಂದು ಅವಧಿಗೆ ಮೂರು ಪ್ರಯೋಗ ಹೇಗೆ? ಎಲ್ಲರಿಗೂ ಮೂರನ್ನೂ ಮಾಡಿಸಬೇಕಿಲ್ಲ. ಏಳೆಂಟು ಕೋಲುಗಳನ್ನು ತಂದು ಗುಂಪು ಮಾಡಿದರೆ ಮೊದಲ ಎರಡು ಪ್ರಯೋಗಗಳು ಒಂದು ಅವಧಿಯಲ್ಲಿ ಮುಗಿಯುತ್ತವೆ. ಮೂರನೆಯದನ್ನು ಮರುದಿನಕ್ಕೆ ಅಥವಾ ಆಟದ ಅವಧಿಗೆ ಇಟ್ಟುಕೊಳ್ಳಬಹುದು. ಆಗ ದೈಹಿಕ ಶಿಕ್ಷಣದ ಶಿಕ್ಷಕರೂ ಜೊತೆಗಿರುತ್ತಾರೆ.

ಮೂರನೆಯದು ಸುರಕ್ಷತೆ. ಇದು ನಿಜವಾದ ಆಕ್ಷೇಪ, ತಳ್ಳಿಹಾಕುವಂತಿಲ್ಲ. ಮಕ್ಕಳ ಕೈಗೆ ಕಬ್ಬಿಣದ ಪ್ಲೇಟು ಕೊಡಬಾರದು. ಬಾಟಲಿಯೇ ಸಾಕು. ಕೋಲು ಹೊರಳಿಸುವಾಗ ಸುತ್ತ ಎರಡು ಮೀಟರ್ ಜಾಗ ಬಿಡಬೇಕು, ಗಂಟನ್ನು ಶಿಕ್ಷಕರೇ ಎಳೆದು ನೋಡಬೇಕು.

ಬಾಯಿಬಿಟ್ಟು ಹೇಳದ ಇನ್ನೊಂದು ಆಕ್ಷೇಪವೂ ಇದೆ: ಇದು ಗಂಡುಹುಡುಗರ ಪಾಠವಾಗುತ್ತದೆ ಎಂಬುದು. ಭಾರ ಎತ್ತುವ ಪ್ರಶ್ನೆ ಬಂದಾಗ ಶಿಕ್ಷಕರ ಕಣ್ಣು ತಾನಾಗಿ ಹುಡುಗರ ಸಾಲಿಗೆ ಹೋಗುತ್ತದೆ. 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ ಪದಕ ಗೆದ್ದ ಭಾರತದ ಮೊದಲ ಮಹಿಳೆ ಕರ್ಣಂ ಮಲ್ಲೇಶ್ವರಿ ಗೆದ್ದದ್ದು ಭಾರ ಎತ್ತಿಯೇ. ಟೋಕಿಯೊದಲ್ಲಿ ಮೀರಾಬಾಯಿ ಚಾನು 49 ಕೆ.ಜಿ. ವಿಭಾಗದಲ್ಲಿ ಒಟ್ಟು 202 ಕೆ.ಜಿ. ಎತ್ತಿ ಬೆಳ್ಳಿ ತಂದರು. ಈ ಹೆಸರುಗಳನ್ನು ಹೇಳಿ, ಮೊದಲ ಕೋಲನ್ನು ಹುಡುಗಿಯರ ಗುಂಪಿಗೆ ಕೊಡಿ.

ವೀಕ್ಷಣಾ ಪತ್ರದಲ್ಲಿ ಎರಡು ಸಾಲು

ಪ್ರಶಿಕ್ಷಣಾರ್ಥಿಗಳು ಸೂತ್ರದಿಂದ ಪಾಠ ಆರಂಭಿಸುವುದಕ್ಕೆ ಅವರೊಬ್ಬರೇ ಕಾರಣರಲ್ಲ. ಅಭ್ಯಾಸ ಪಾಠವನ್ನು ವೀಕ್ಷಿಸುವ ನಾವು ಏನನ್ನು ಗುರುತು ಹಾಕುತ್ತೇವೆಯೋ ಅದನ್ನೇ ಅವರು ಮಾಡುತ್ತಾರೆ. ಹಲಗೆಯ ಬರಹ ಅಂದವಾಗಿತ್ತೇ, ಚಾರ್ಟು ಹಿಂದಿನವರಿಗೆ ಕಾಣುತ್ತಿತ್ತೇ, ಪಾಠ ಸಮಯಕ್ಕೆ ಮುಗಿಯಿತೇ ಎಂದು ನಾವು ನೋಡುತ್ತೇವೆ. ಇವೆಲ್ಲ ಬೇಕು. ಆದರೆ ಉಪಕರಣ ಶಿಕ್ಷಕರ ಮೇಜಿನ ಮೇಲೇ ಕೂತು, ಮಕ್ಕಳು ಅದನ್ನು ಕಣ್ಣಿಂದ ಮಾತ್ರ ನೋಡಿದ ಪಾಠಕ್ಕೂ ಇದೇ ನಮೂನೆಯಲ್ಲಿ ಪೂರ್ಣ ಅಂಕ ಬರುತ್ತದೆ.

ಆದ್ದರಿಂದ ಪ್ರಶಿಕ್ಷಕ ಮಿತ್ರರಲ್ಲಿ ನನ್ನ ಸಲಹೆ ಎರಡು ಸಾಲಿನದು. ಈ ವರ್ಷದ ವಿಜ್ಞಾನ ಪಾಠಗಳ ವೀಕ್ಷಣಾ ಪತ್ರದಲ್ಲಿ ಇವನ್ನು ಸೇರಿಸೋಣ: ‘ಪ್ರಯೋಗಕ್ಕೆ ಮೊದಲು ಪ್ರತಿ ವಿದ್ಯಾರ್ಥಿಯೂ ತನ್ನ ಊಹೆಯನ್ನು ಕಾರಣ ಸಹಿತ ಬರೆದನೇ, ಬರೆದಳೇ?’ ಮತ್ತು ‘ಉಪಕರಣವನ್ನು ಎಷ್ಟು ವಿದ್ಯಾರ್ಥಿಗಳು ತಮ್ಮ ಕೈಯಲ್ಲಿ ಹಿಡಿದರು?’ ಎರಡನೆಯದಕ್ಕೆ ಸಂಖ್ಯೆಯನ್ನೇ ಬರೆಯಬೇಕು, ‘ಉತ್ತಮ’, ‘ಸಾಧಾರಣ’ ಎಂದು ಬರೆದರೆ ಸಾಲದು.

ಪ್ರಶಿಕ್ಷಣಾರ್ಥಿಗಳು ಕಾಯಬೇಕಿಲ್ಲ. ಮುಂದಿನ ಸೂಕ್ಷ್ಮ ಬೋಧನೆಗೆ ಒಂದು ಕೋಲು, ಎರಡು ಬಾಟಲಿ ತನ್ನಿ. ನಿಮ್ಮ ಸಹಪಾಠಿಗಳನ್ನೇ ಮೊದಲು ಊಹಿಸಲು ಹೇಳಿ. ಬಾಟಲಿಗಳು ಎರಡೂ ಬದಿಗೆ ಹೊರಗೆ ಸರಿದರೆ ಕೈಗೆ ಭಾರ ಹೆಚ್ಚುತ್ತದೆಯೇ ಎಂಬ ಪ್ರಶ್ನೆಗೆ ಎಷ್ಟು ಮಂದಿ ಹೌದೆನ್ನುತ್ತಾರೆ ಎಣಿಸಿ. ಆ ಎಣಿಕೆಯನ್ನು ಈ ಪತ್ರಿಕೆಯ ಮುಂದಿನ ಸಂಚಿಕೆಗೆ ಬರೆದು ಕಳಿಸಿ, ಚರ್ಚೆಯನ್ನು ಅಲ್ಲಿಂದ ಮುಂದುವರಿಸೋಣ.